ಬೆಂಗಾಲ್ ಹಡಗಿನ ತೋಪು ಸಣ್ಣದೇ ಇರಲಿ

ಬೆಂಗಾಲ್ ಹಡಗಿನ ಮಾದರಿಯನ್ನು ಮೊದಲ ಸಲ ಮಾಡಿದಾಗ ತೋಪಿಗೆ ಪೆನ್ಸಿಲ್ ತುಂಡು ಅಂಟಿಸಿದ್ದೆ. ಮಂಗಳೂರಿನ ಬಂದರಿನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ನೋಡಿ, "ಇಷ್ಟು ದೊಡ್ಡ ತೋಪು ಇದ್ದಿದ್ದರೆ ಆ ಹಡಗಿನ ಕತೆ ಯಾರು ಹೇಳ್ತಿದ್ರು ಮಾರಾಯ?" ಅಂದರು. ಹೌದಲ್ವಾ!

ಎಚ್‌ಎಂಐಎಸ್ ಬೆಂಗಾಲ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಆಡಳಿತದ ಭಾರತದ ನೌಕಾಪಡೆಗೆ ಸಿಡ್ನಿಯಲ್ಲಿ ಕಟ್ಟಿದ ಪುಟ್ಟ ಬೆಂಗಾವಲು ಹಡಗು. ಉದ್ದ 186 ಅಡಿ, ಅಗಲ 31. ಮಲ್ಪೆಯ ದೊಡ್ಡ ಬೋಟು ಎರಡು ಮೂರನ್ನು ಸಾಲಾಗಿ ನಿಲ್ಲಿಸಿದಷ್ಟೇ. 200ಕ್ಕೆ 1ರ ಅಳತೆಯಲ್ಲಿ 28 ಸೆಂ.ಮೀ. ಉದ್ದ, 4.7 ಸೆಂ.ಮೀ. ಅಗಲ ಬರುತ್ತದೆ.

ಬಾಲ್ಸಾ ಮರ ತರಿಸಬೇಡಿ, ಸುಮ್ನೆ ದುಡ್ಡು ದಂಡ. ಆಟಿ ಅಮಾವಾಸ್ಯೆಗೆ ಕೆತ್ತೆಯ ಕಷಾಯ ಕುಡಿಯುತ್ತೇವಲ್ಲ, ಆ ಹಾಲೆ ಮರದ ತುಂಡು ಸಾಕು. ಹಗುರ, ಚೂರಿಗೆ ಮೆತ್ತಗೆ. ಆದರೆ ಚೆನ್ನಾಗಿ ಒಣಗಿರಬೇಕು. ಮಳೆಗಾಲದಲ್ಲಿ ಕೆತ್ತಿದ ನನ್ನ ಒಂದು ಹಡಗು ಡಿಸೆಂಬರಿಗೆ ಬಾಳೆಕಾಯಿ ಹಾಗೆ ಬಾಗಿತ್ತು.

ಅಡಿ ಚಪ್ಪಟೆ ಇರಲಿ, ನೀರಿನ ಮೇಲಿನ ಭಾಗ ಮಾತ್ರ ಸಾಕು. ಮುಂದಿನ ಡೆಕ್ ಒಂದು ಮೆಟ್ಟಿಲು ಎತ್ತರ. ಚಿಮಣಿ ಒಂದೇ, ಅದಕ್ಕೆ ಪೆನ್ನಿನ ಕ್ಯಾಪ್. ಬೂದು ಬಣ್ಣ ಬಳಿದು ಬದಿಯಲ್ಲಿ ಹಡಗಿನ ಸಂಖ್ಯೆ ಜೆ 243 ಅಂತ ಬರೆಯಿರಿ.

ಈಗ ತೋಪು. ಅದು 12 ಪೌಂಡರ್, ಅಂದರೆ ಸುಮಾರು 12 ಪೌಂಡ್ ತೂಕದ ಗುಂಡು ಹಾರಿಸುವಂಥದ್ದು, ಬಾಯಿ ಬರೀ 3 ಇಂಚು. ಹಿಡಿಸೂಡಿ ಕಡ್ಡಿಯ ತುದಿಯಿಂದ ಒಂದೂವರೆ ಸೆಂ.ಮೀ. ಕತ್ತರಿಸಿ, ಸ್ಯಾಂಡ್‌ಪೇಪರಿನಲ್ಲಿ ಇನ್ನೂ ತೆಳ್ಳಗೆ ಮಾಡಿ, ಮುಂದಿನ ಡೆಕ್ಕಿನಲ್ಲಿ ಅಂಟಿಸಿ. ಕಂಡೂ ಕಾಣದ ಹಾಗಿದ್ದರೆ ಸರಿಯಾಗಿದೆ ಅಂತ ಲೆಕ್ಕ.

ಹಡಗು ಕೂರಿಸುವ ಹಲಗೆಯ ಇನ್ನೊಂದು ತುದಿಗೆ ಕಪ್ಪು ರಟ್ಟಿನಲ್ಲಿ 80 ಸೆಂ.ಮೀ. ಉದ್ದದ ಹಡಗಿನ ಆಕಾರ ಕತ್ತರಿಸಿ ನಿಲ್ಲಿಸಿ. ಅದು ತೋಪು ಹೊತ್ತ ಜಪಾನಿನ ದಾಳಿ ಹಡಗು ಹೊಕೊಕು ಮಾರು. 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದಲ್ಲಿ ಕೊಕೊಸ್ ದ್ವೀಪಗಳ ನೈಋತ್ಯಕ್ಕೆ ಅದೂ ಅದರ ಜೊತೆಗಾರ ಹಡಗು ಐಕೊಕು ಮಾರುವೂ ಒಟ್ಟಿಗೆ ಬೆಂಗಾಲ್‌ಗೆ ಎದುರಾದವು. ಅವುಗಳ ತೋಪುಗಳು ಐದೂವರೆ ಇಂಚಿನವು. ಬೆಂಗಾಲ್ ಜೊತೆ ಇದ್ದದ್ದು ಒಂಡಿನಾ ಎಂಬ ಡಚ್ ಟ್ಯಾಂಕರ್. ಅದು ತಪ್ಪಿಸಿಕೊಳ್ಳಲಿ ಅಂತ ಬೆಂಗಾಲ್‌ನ ಕಮಾಂಡರ್ ವಿಲ್ಸನ್ ಹಡಗನ್ನು ಶತ್ರುವಿನ ಕಡೆಗೇ ನುಗ್ಗಿಸಿದರು. ಹಾಗಾಗಿ ಅಂಟು ಒಣಗುವ ಮೊದಲು ದಿಕ್ಕು ನೋಡಿ. ಬೆಂಗಾಲ್‌ನ ಮೂತಿ ಕಪ್ಪು ರಟ್ಟಿನ ಕಡೆಗೇ ಇರಬೇಕು, ಒಂಡಿನಾ ಹಿಂದೆ.

ಹೊಕೊಕು ಮಾರು ಸಿಡಿದು ಮುಳುಗಿತು. ಬೆಂಗಾಲ್ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ದ್ವೀಪ ತಲುಪಿತು. ಟಾರ್ಪೆಡೊ ತಿಂದ ಒಂಡಿನಾ ಕೂಡ ಹೇಗೋ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ ಮರಳಿತು. ಹೊಕೊಕುವನ್ನು ಮುಳುಗಿಸಿದ ಗುಂಡು ಯಾರದು ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಬೆಂಗಾಲ್‌ನವರೂ ಒಂಡಿನಾದವರೂ ನಮ್ಮದೇ ಅಂದಿದ್ದಾರೆ. ಅದಕ್ಕೇ ಒಂಡಿನಾದ ಹಿಂಭಾಗಕ್ಕೂ ಒಂದು ತೋಪು ಹಾಕಿ. ಅದು 4 ಇಂಚಿನದು, ಕಡ್ಡಿ ಬೆಂಗಾಲ್‌ನದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ ಇರಲಿ, ಜಾಸ್ತಿ ಬೇಡ.