ಅಬಾಕೊದಲ್ಲಿ ದೋಣಿ ಬಾಡಿಗೆಗೆ ಹಿಡಿಯೋರಿಗೆ

ಬಹಾಮಾಸ್‌ನ ಅಬಾಕೊ ದ್ವೀಪಗಳಲ್ಲಿ ವಾರವಿಡೀ ದೋಣಿಯಲ್ಲಿ ಸುತ್ತೋ ಯೋಚನೆ ಇದೆಯಾ? ದಿನಕ್ಕೊಂದು ದ್ವೀಪ ಅಂತ ಮಾತ್ರ ಪಟ್ಟಿ ಹಾಕ್ಕೋಬೇಡಿ. ಅಲ್ಲಿನ ಮುಖ್ಯ ಊರು ಮಾರ್ಷ್ ಹಾರ್ಬರ್‌ನಿಂದ ಹೋಪ್ ಟೌನ್‌ಗಾಗಲಿ ಮ್ಯಾನ್-ಒ-ವಾರ್ ದ್ವೀಪಕ್ಕಾಗಲಿ ಹೆಚ್ಚು ದೂರವೇನಿಲ್ಲ. ಬೆಳಗ್ಗೆ ಕಾಫಿ ಕುಡಿದು ಹೊರಟರೂ ಊಟದ ಹೊತ್ತಿಗೆ ತಲುಪಬಹುದು.

ಯೋಚಿಸಬೇಕಾದ್ದು ವೇಲ್ ಕೇ ಅನ್ನೋ ಪುಟ್ಟ ದ್ವೀಪದ ಬಗ್ಗೆ. ಗ್ರೀನ್ ಟರ್ಟಲ್ ದ್ವೀಪದ ಕಡೆ ಹೋಗೋವಾಗ ಅದರ ಒಳಬದಿಯಲ್ಲಿ ನೀರಿನ ಆಳ ತೀರಾ ಕಮ್ಮಿ, ಹಾಗಾಗಿ ಹೆಚ್ಚಿನ ದೋಣಿಗಳು ಹೊರಗಿನ ಸಾಗರಕ್ಕೆ ಇಳಿದು ಸುತ್ತಿಕೊಂಡೇ ಬರಬೇಕು. ದೂರದಲ್ಲೆಲ್ಲೋ ಬಿರುಗಾಳಿ ಎದ್ದರೂ ಅಲ್ಲಿ ಅಲೆಗಳು ಗೋಡೆ ಥರ ಏಳ್ತವೆ. ಅದನ್ನ ಅಲ್ಲಿಯವರು 'ರೇಜ್' ಅಂತಾರೆ. ಹಾಗಾದಾಗ ಆ ಕಡೆ ಸಿಕ್ಕಿಬಿದ್ದಂಗೇ. ಗ್ರೀನ್ ಟರ್ಟಲ್ ಅನ್ನು ವಾರದ ಮೊದಲರ್ಧಕ್ಕೇ ಇಟ್ಕೊಳ್ಳಿ, ವಿಮಾನದ ಹಿಂದಿನ ದಿನಕ್ಕಂತೂ ಬೇಡ.

ಲಂಗರು ಬಿಡೋವಾಗ ತಿಳಿ ಬಣ್ಣದ ಮರಳು ನೋಡಿ ಬಿಡಿ. ಕಪ್ಪಗೆ ಕಾಣೋದು ಹುಲ್ಲು, ಅದರಲ್ಲಿ ಕಚ್ಚಲ್ಲ. ನಮ್ಮದು ರಾತ್ರಿ ಎರಡಕ್ಕೆ ಜಾರಿ, ಚಡ್ಡಿಯಲ್ಲೇ ಡೆಕ್ ಮೇಲೆ ಓಡಿದ್ದೆ.

ಹೋಪ್ ಟೌನ್‌ನಲ್ಲಿ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭದ 101 ಮೆಟ್ಟಿಲು ಹತ್ತಿ. ಸೀಮೆಎಣ್ಣೆ ದೀಪ! ಬಂದರಿನ ಬಾಯಿ ಆಳವಿಲ್ಲ, ಉಬ್ಬರ ಏರೋವಾಗಲೇ ಒಳಗೆ ನುಗ್ಗಿ.

ಸಮಯ ಅಂದ್ರೆ ಏಪ್ರಿಲ್-ಮೇ. ಚಳಿಗಾಲದಲ್ಲಿ ಉತ್ತರದ ಗಾಳಿ ಕಾಡುತ್ತೆ, ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2019ರ ಡೋರಿಯನ್ ಈ ಊರುಗಳನ್ನೇ ನೆಲಸಮ ಮಾಡಿತ್ತು.