ಊರಿಗೆ ಹೋದಾಗ ಬೇರೆ ಬೇರೆ ಚಾನೆಲ್‌ಗಳ ಕಾರ್ಯಕ್ರಮ ರೆಕಾರ್ಡ್ ಮಾಡಿಡೋದು ಹೇಗೆ

ಮದುವೆ ಅಂತ ಸೊಲ್ಲಾಪುರಕ್ಕೆ, ಆಸ್ಪತ್ರೆ ಅಂತ ಹೈದರಾಬಾದಿಗೆ, ಮೊಮ್ಮಕ್ಕಳ ರಜೆ ಅಂತ ಬೆಂಗಳೂರಿಗೆ. ಕಲಬುರಗಿಯಲ್ಲಿ ಮನೆಗೆ ಬೀಗ ಹಾಕಿ ಎಂಟು ದಿನ ಹೋಗೋದು ಯಾರಿಗೂ ಹೊಸದಲ್ಲ. ಹೊರಡುವ ಮುಂಚೆ ಪ್ರತಿ ಮನೆಯಲ್ಲೂ ಒಂದು ಚಿಂತೆ ಇರುತ್ತದೆ. ಏಳು ಗಂಟೆಗೆ ಒಂದು ಚಾನೆಲ್‌ನಲ್ಲಿ ಅವ್ವನ ಸೀರಿಯಲ್, ಎಂಟಕ್ಕೆ ಇನ್ನೊಂದರಲ್ಲಿ ವೈನಿಯದು, ಒಂಬತ್ತಕ್ಕೆ ಲೋಕಲ್ ಕೇಬಲ್ ಸುದ್ದಿ. ಇವೆಲ್ಲ ತಪ್ಪಿ ಹೋಗ್ತವಲ್ಲ!

ತಪ್ಪಬೇಕಾಗಿಲ್ಲ. ಮನೆಯಲ್ಲಿರುವ ಟಿವಿಯ ಸೆಟ್‌ಟಾಪ್ ಬಾಕ್ಸ್, ಒಂದು ಪೆನ್‌ಡ್ರೈವ್, ಸ್ವಲ್ಪ ಮುಂಚಿತ ತಯಾರಿ ಇದ್ದರೆ ಬೇರೆ ಬೇರೆ ಚಾನೆಲ್‌ಗಳ ಕಾರ್ಯಕ್ರಮ ತಾನಾಗೇ ರೆಕಾರ್ಡ್ ಆಗುತ್ತವೆ. ಕೆಡೋದು ಬಾಕ್ಸ್‌ನಿಂದ ಕಡಿಮೆ. ಕರೆಂಟ್‌ನಿಂದ, ಟೈಮರ್ ನೋಡದೆ ಇಟ್ಟಿದ್ದರಿಂದ ಜಾಸ್ತಿ. ಹಾಗಾಗಿ ಈ ಬರಹದಲ್ಲಿ ಆ ಎರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಪಟ್ಟಿ ಸಣ್ಣದು ಮಾಡಿ. ಮನೆಯವರೆಲ್ಲ ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡೋಕೆ ಹೋಗಬೇಡಿ. ಜೀ ಕನ್ನಡದ ಸೀರಿಯಲ್‌ಗಳು ಜೀ5 ಆ್ಯಪ್‌ನಲ್ಲಿ ಸಿಗುತ್ತವೆ. ಉದಯ ಟಿವಿಯವು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ ಇರುತ್ತವೆ. ಚಂದನಕ್ಕೆ ಯೂಟ್ಯೂಬ್ ಚಾನೆಲ್ ಇದೆ, ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಶುರು ಮಾಡಿದ ವೇವ್ಸ್ ಆ್ಯಪ್ ಕೂಡ ಇದೆ. ಇವುಗಳಲ್ಲಿ ಯಾವುದಕ್ಕಾದರೂ ನೀವು ಈಗಾಗಲೇ ದುಡ್ಡು ಕಟ್ಟಿದ್ದರೆ ಆ ಸೀರಿಯಲ್‌ಗಳನ್ನು ಪಟ್ಟಿಯಿಂದ ತೆಗೆದುಬಿಡಿ. ವಾಪಸ್ ಬಂದ ಮೇಲೆ ಫೋನ್‌ನಲ್ಲೇ ನೋಡಬಹುದು.

ಉಳಿಯೋದು ಬೇರೆಲ್ಲೂ ಸಿಗದ ಕಾರ್ಯಕ್ರಮಗಳು. ನನ್ನ ಪ್ರಕಾರ ಅದರಲ್ಲಿ ಮೊದಲನೆಯದು ನಮ್ಮೂರ ಲೋಕಲ್ ಕೇಬಲ್ ಚಾನೆಲ್. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರರ ತೇರು, ಬಂದೇನವಾಜ್ ದರ್ಗಾದ ಉರುಸು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಮಗ್ಗುಲ ಓಣಿಯ ಶಾಲೆಯ ಗ್ಯಾದರಿಂಗು. ಇವು ಒಂದು ಸಲ ಬಂದು ಹೋದರೆ ಮತ್ತೆ ಸಿಗೋದು ಕಷ್ಟ. ಡಿಶ್ ಹಾಕಿಸಿದವರಿಗೆ ಲೋಕಲ್ ಚಾನೆಲ್ ಬರೋದೇ ಇಲ್ಲ, ಅದು ಕೇಬಲ್‌ನಲ್ಲಿ ಮಾತ್ರ. ಸೀರಿಯಲ್ ಒಂದು ಕಂತು ತಪ್ಪಿದರೆ ಕತೆ ಹೇಗೋ ಗೊತ್ತಾಗುತ್ತದೆ. ತೇರಿನ ಮುಂದೆ ನಿಮ್ಮ ಮಗ ಡೊಳ್ಳು ಬಾರಿಸಿದ್ದು ತಪ್ಪಿದರೆ ಹೋಯ್ತು, ಅಷ್ಟೇ.

ಈಗ ಬಾಕ್ಸ್ ನೋಡಿ. ಹಿಂದುಗಡೆ ಅಥವಾ ಪಕ್ಕದಲ್ಲಿ ಯುಎಸ್‌ಬಿ ಕಿಂಡಿ ಇದೆಯಾ, ರಿಮೋಟಿನಲ್ಲಿ ರೆಕಾರ್ಡ್‌ಗೆ ಕೆಂಪು ಚುಕ್ಕೆಯ ಗುಂಡಿ ಇದೆಯಾ ನೋಡಿಕೊಳ್ಳಿ. ಕಿಂಡಿ ಇದ್ದ ಮಾತ್ರಕ್ಕೆ ರೆಕಾರ್ಡ್ ಆಗುತ್ತದೆ ಅಂತಲ್ಲ. ಕೆಲವು ಬಾಕ್ಸ್‌ಗಳಲ್ಲಿ ಅದು ಸಾಫ್ಟ್‌ವೇರ್ ಹಾಕೋಕೆ ಮಾತ್ರ, ಕೆಲವದರಲ್ಲಿ ರೆಕಾರ್ಡಿಂಗ್ ಇದ್ದರೂ ಲಾಕ್ ಮಾಡಿರುತ್ತಾರೆ. ತಿಂಗಳ ದುಡ್ಡು ವಸೂಲಿಗೆ ಬರುವ ಕೇಬಲ್ ಹುಡುಗನನ್ನೇ ಕೇಳಿ: "ಇದಕ್ಕೆ ರೆಕಾರ್ಡಿಂಗ್ ಆನ್ ಮಾಡಿಕೊಡ್ತೀರಾ, ಅದಕ್ಕೆ ಬೇರೆ ರೊಕ್ಕ ಇದೆಯಾ?" ಆಗಲ್ಲ ಅಂದರೆ ರೆಕಾರ್ಡಿಂಗ್ ಇರುವ ಬೇರೆ ಬಾಕ್ಸ್ ಅವರ ಹತ್ತಿರ ಇದೆಯಾ ಅಂತಲೂ ಕೇಳಿ. ಟಿವಿಯಲ್ಲೇ ರೆಕಾರ್ಡಿಂಗ್ ಇದೆ ಅಂತ ಕೆಲವರು ಹೇಳ್ತಾರೆ. ಟಿವಿ ತನ್ನ ಸ್ವಂತ ಆಂಟೆನಾ ಕಿಂಡಿಗೆ ಬಂದದ್ದನ್ನು ಮಾತ್ರ ಹಿಡಿಯುತ್ತದೆ, ಬಾಕ್ಸ್‌ನಿಂದ ಎಚ್‌ಡಿಎಂಐ ವೈರಿನಲ್ಲಿ ಬಂದದ್ದನ್ನಲ್ಲ. ಹಾಗಾಗಿ ಕೇಬಲ್‌ಗೆ ಅದು ಉಪಯೋಗಕ್ಕೆ ಬರಲ್ಲ.

ಇನ್ನೊಂದು ಮಾತು ಇಲ್ಲೇ ತಿಳಿದಿರಲಿ. ಸಾಮಾನ್ಯ ಬಾಕ್ಸ್‌ನಲ್ಲಿ ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಭಾಗ, ಒಂದೇ ಇರುತ್ತದೆ. ಅಂದರೆ ಒಂದು ಹೊತ್ತಿಗೆ ಒಂದೇ ಚಾನೆಲ್. ಏಳು ಗಂಟೆಗೆ ಒಂದು, ಎಂಟಕ್ಕೆ ಇನ್ನೊಂದು ಅಂದರೆ ತೊಂದರೆ ಇಲ್ಲ, ಅದು ತಾನೇ ಚಾನೆಲ್ ಬದಲಿಸಿಕೊಂಡು ರೆಕಾರ್ಡ್ ಮಾಡುತ್ತದೆ. ಏಳಕ್ಕೇ ಎರಡು ಬೇಕು ಅಂದರೆ ಎರಡು ಟ್ಯೂನರ್ ಇರುವ ಬಾಕ್ಸ್ ಬೇಕು, ಇಲ್ಲವೇ ಎರಡನೇ ಬಾಕ್ಸ್ ಬೇಕು. ಎರಡರಲ್ಲಿ ಒಂದು ಚಂದನವಾದರೆ ಸುಲಭದ ದಾರಿ ದೂರದರ್ಶನದವರ ಡಿಡಿ ಫ್ರೀ ಡಿಶ್. ತಿಂಗಳಿಗೆ ದುಡ್ಡಿಲ್ಲ. ನಮ್ಮೂರ ಸೂಪರ್ ಮಾರ್ಕೆಟ್ ಕಡೆ ಅಂಗಡಿಗಳಲ್ಲಿ ಇದರ ಬಾಕ್ಸ್ ಕೇಳುವಾಗ "ಪೆನ್‌ಡ್ರೈವ್‌ಗೆ ರೆಕಾರ್ಡ್ ಆಗೋದು ಕೊಡಿ" ಅಂತ ಬಾಯಿಬಿಟ್ಟು ಹೇಳಿ, ಅಲ್ಲೇ ಹಾಕಿ ತೋರಿಸೋಕೆ ಹೇಳಿ. ತಟ್ಟೆ ಕೂಡಿಸೋದು ನಮ್ಮೂರಲ್ಲಿ ಕಷ್ಟವಲ್ಲ. ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ, ಕಲಬುರಗಿಯಿಂದ ನೋಡಿದರೆ ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯ ಮೂಲೆ. ಮಾಳಿಗೆ ಮೇಲೆ ಆ ಮೂಲೆಗೆ ಬೇವಿನ ಮರ ಅಡ್ಡ ಇಲ್ಲದಿದ್ದರೆ ಸಾಕು.

ಪೆನ್‌ಡ್ರೈವ್ ಎಷ್ಟು ದೊಡ್ಡದು ಬೇಕು? ಸಾದಾ ಚಾನೆಲ್ ಗಂಟೆಗೆ ಸುಮಾರು 1ರಿಂದ 1.5 ಜಿಬಿ ತಿನ್ನುತ್ತದೆ. ಎಚ್‌ಡಿ ಚಾನೆಲ್ ಆದರೆ 3.5ರಿಂದ 4.5 ಜಿಬಿ. ದಿನಕ್ಕೆ ಒಂದೂವರೆ ಗಂಟೆ, ಆರು ದಿನ ಅಂದರೆ ಒಂಬತ್ತು ಗಂಟೆ. ಸಾದಾ ಚಾನೆಲ್‌ಗೆ 32 ಜಿಬಿ ಧಾರಾಳ ಆಯ್ತು, ಎಚ್‌ಡಿಗೆ 64 ಜಿಬಿ ಬೇಕು. ಸಾದಾದಲ್ಲೇ ರೆಕಾರ್ಡ್ ಮಾಡಿ ಅಂತ ನನ್ನ ಸಲಹೆ, ಸೀರಿಯಲ್‌ಗೆ ಅಷ್ಟು ಸಾಕು. ಹಾರ್ಡ್‌ಡಿಸ್ಕ್ ಹಾಕೋದಾದರೆ ಗಮನ ಇರಲಿ, ಬಾಕ್ಸ್‌ನ ಕಿಂಡಿಯಿಂದ ಬರುವ ಪವರ್ ಕೆಲವು ಡಿಸ್ಕ್‌ಗಳಿಗೆ ಸಾಲಲ್ಲ, ತಿರುಗಿ ತಿರುಗಿ ನಿಂತುಬಿಡುತ್ತವೆ. ಮತ್ತೆ ಇದು ಬಹಳ ಮುಖ್ಯ: ಹೊಸದಾಗಿ ಚುಚ್ಚಿದಾಗ ಬಾಕ್ಸ್ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಹೌದು ಅಂದರೆ ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಮದುವೆ ಫೋಟೋ ಇರುವ ಡ್ರೈವ್ ಯಾವತ್ತೂ ಹಾಕಬೇಡಿ. ಇದಕ್ಕಂತಲೇ ಒಂದು ಬೇರೆ ಇಟ್ಟುಕೊಳ್ಳಿ.

ಇನ್ನು ಟೈಮರ್. ಒಂದು ಹಾಳೆ ತಗೊಂಡು ಕೈಯಲ್ಲೇ ಬರೆಯಿರಿ. ವಾರ, ಚಾನೆಲ್ ನಂಬರ್, ಶುರು, ಮುಗಿಯೋದು. ಅರ್ಧ ಗಂಟೆಯ ಕಾರ್ಯಕ್ರಮ ಏಳಕ್ಕಿದ್ದರೆ 6.55ಕ್ಕೆ ಶುರು, 7.40ಕ್ಕೆ ಮುಗಿಸು ಅಂತ ಬರೆಯಿರಿ. ಮುಂದೆ ಐದು ನಿಮಿಷ, ಹಿಂದೆ ಹತ್ತು ನಿಮಿಷ ಬಿಡೋದು ಯಾಕಂದರೆ ಜಾಹೀರಾತು ಜಾಸ್ತಿ ಆದ ದಿನ ಕಾರ್ಯಕ್ರಮ ಎಳೆದುಕೊಂಡು ಹೋಗುತ್ತದೆ, ಕೊನೆಯ ಎರಡು ನಿಮಿಷದಲ್ಲೇ ಮುಖ್ಯ ವಿಷಯ ಇರುತ್ತದೆ, ಅದೇ ಕಟ್ ಆಗಿದ್ದರೆ ಮನೆಯಲ್ಲಿ ಸಮಾಧಾನ ಮಾಡೋದು ಬಹಳ ಕಷ್ಟ. ಲೈವ್ ಇದ್ದರೆ ಒಂದು ಗಂಟೆ ಹೆಚ್ಚಿಗೇ ಬಿಡಿ. ತೇರು ಯಾವತ್ತೂ ಗಡಿಯಾರ ನೋಡಿ ಎಳೆಯಲ್ಲ.

ಈಗ ಹಾಳೆಯ ಮೇಲಿನ ಸಾಲುಗಳು ಒಂದರ ಮೇಲೊಂದು ಬೀಳುತ್ತಿವೆಯಾ ನೋಡಿ. ಒಂದು ಚಾನೆಲ್‌ನದು 7.40ಕ್ಕೆ ಮುಗಿದು ಇನ್ನೊಂದರದು 7.25ಕ್ಕೆ ಶುರುವಾದರೆ ಒಂದು ಟ್ಯೂನರ್‌ನ ಬಾಕ್ಸ್ ಎರಡನೆಯದನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಮೊದಲನೆಯದನ್ನು ನಡುವೆ ಕತ್ತರಿಸುತ್ತದೆ. ಇದಕ್ಕೆ ಮದ್ದು ಮರುಪ್ರಸಾರ. ಕನ್ನಡ ಚಾನೆಲ್‌ಗಳಲ್ಲಿ ರಾತ್ರಿಯ ಎಷ್ಟೋ ಸೀರಿಯಲ್‌ಗಳು ಮರುದಿನ ಹಗಲು ಇನ್ನೊಮ್ಮೆ ಬರುತ್ತವೆ. ಎರಡರಲ್ಲಿ ಒಂದನ್ನು ಹಗಲಿನ ಹೊತ್ತಿಗೆ ಹಾಕಿ. ಹಗಲು ಬಾಕ್ಸ್ ಸುಮ್ನೆ ಕೂತಿರುತ್ತದೆ, ಅಲ್ವಾ?

ಬಾಕ್ಸ್‌ಗೆ ಹಾಕುವಾಗ ಗೈಡ್ ತೆರೆದು ಕಾರ್ಯಕ್ರಮದ ಹೆಸರಿನ ಮೇಲೆ ರೆಕಾರ್ಡ್ ಒತ್ತೋದು ಸುಲಭ ಅನ್ನಿಸುತ್ತದೆ. ನಾನು ಅದನ್ನು ನಂಬಲ್ಲ. ಲೋಕಲ್ ಚಾನೆಲ್‌ಗೆ ಗೈಡ್‌ನಲ್ಲಿ ಬಹಳ ಸಲ ಏನೂ ಇರಲ್ಲ, ಬರೀ ಖಾಲಿ ಪಟ್ಟಿ. ಮೆನುವಿನಲ್ಲಿ ಟೈಮರ್ ಅಂತ ಬೇರೆ ಇರುತ್ತದೆ, ಅಲ್ಲಿ ಹೋಗಿ ಹಾಳೆ ನೋಡಿಕೊಂಡು ಒಂದೊಂದೇ ಸಾಲು ಹಾಕಿ. ರೆಕಾರ್ಡ್ ಅಂತ ಆಯ್ಕೆ ಮಾಡಿದ್ದೀರಾ ನೋಡಿ. ಬರೀ ರಿಮೈಂಡರ್ ಅಂತ ಇಟ್ಟರೆ ಚಾನೆಲ್ ಬದಲಾಗುತ್ತದೆ, ರೆಕಾರ್ಡ್ ಆಗಲ್ಲ. ದಿನಾಲೂ, ವಾರಕ್ಕೊಮ್ಮೆ, ಒಂದೇ ಸಲ ಅಂತ ಮೂರು ಬಗೆ ಕೇಳಿದರೆ ಸರಿಯಾದದ್ದು ಆರಿಸಿ. ಬಾಕ್ಸ್‌ನ ಗಡಿಯಾರ ಮತ್ತು ಫೋನಿನ ಗಡಿಯಾರ ಒಂದೇ ತೋರಿಸುತ್ತಿವೆಯಾ ನೋಡಿ. ಫ್ರೀ ಡಿಶ್ ಬಾಕ್ಸ್‌ನಲ್ಲಿ ಟೈಮ್ ಝೋನ್ +5:30 ಇಲ್ಲದಿದ್ದರೆ ಎಲ್ಲಾ ಟೈಮರ್ ಐದೂವರೆ ಗಂಟೆ ಆಚೀಚೆ ಆಗುತ್ತವೆ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಆಟೋ ಸ್ಟ್ಯಾಂಡ್‌ಬೈ ಹುಡುಕಿ ಆಫ್ ಮಾಡಿ. ಕೆಲವು ಗಂಟೆ ಯಾರೂ ರಿಮೋಟ್ ಒತ್ತದಿದ್ದರೆ ಬಾಕ್ಸ್ ತಾನೇ ಮಲಗೋದು ಇದರಿಂದಲೇ. ತೇರಿನಂಥ ಉದ್ದ ರೆಕಾರ್ಡಿಂಗ್ ನಡುವೆ ಹಾಗಾದರೆ ನಷ್ಟ.

ಬಾಕ್ಸ್‌ನಲ್ಲಿ ರೆಕಾರ್ಡಿಂಗೇ ಇಲ್ಲದವರಿಗೂ ದಾರಿ ಇದೆ. ಬಾಕ್ಸ್ ಹಿಂದೆ ಹಳದಿ, ಬಿಳಿ, ಕೆಂಪು ಎವಿ ಪಿನ್ ಇದ್ದರೆ ಅದರಿಂದ ಮೆಮೊರಿ ಕಾರ್ಡ್‌ಗೆ ರೆಕಾರ್ಡ್ ಮಾಡುವ ಸಣ್ಣ ಎವಿ ರೆಕಾರ್ಡರ್ ಸಿಗುತ್ತದೆ, ಅಥವಾ ಆ ಪಿನ್‌ನ ಚಿತ್ರವನ್ನು ಲ್ಯಾಪ್‌ಟಾಪ್‌ಗೆ ತರುವ ಯುಎಸ್‌ಬಿ ಕ್ಯಾಪ್ಚರ್ ಡಿವೈಸ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಒಬಿಎಸ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಿಂದ ಹಿಡಿಯಬಹುದು. ಎಚ್‌ಡಿಎಂಐನಿಂದ ಹಿಡಿಯೋಕೆ ಹೋದರೆ ಕಾಪಿ ತಡೆ ಇರೋದರಿಂದ ಬಹಳ ಸಲ ಕಪ್ಪು ಪರದೆ ಬರುತ್ತದೆ. ಇಲ್ಲಿ ಕೆಲಸ ಎರಡು ಪಾಲು. ಚಾನೆಲ್ ಬದಲಿಸೋದು ಬಾಕ್ಸ್‌ನ ರಿಮೈಂಡರ್, ರೆಕಾರ್ಡ್ ಮಾಡೋದು ಹೊರಗಿನ ಯಂತ್ರ, ಎರಡೂ ಒಂದೇ ಹೊತ್ತಿಗೆ ಇರಬೇಕು. ರಿಮೈಂಡರ್ ಬಂದಾಗ ಕೆಲವು ಬಾಕ್ಸ್ ತಾನೇ ಚಾನೆಲ್ ಬದಲಿಸುತ್ತದೆ, ಕೆಲವು ಓಕೆ ಒತ್ತುವ ತನಕ ಕಾಯುತ್ತದೆ. ಕಾಯುವ ಬಾಕ್ಸ್ ನಿಮ್ಮದಾದರೆ ಒಂದೇ ಚಾನೆಲ್‌ಗೆ ಇಟ್ಟು ಹೋಗಿ. ಒಂದೆರಡು ದಿನಕ್ಕೆ ಇದು ನಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಬೀಗ ಹಾಕಿದ ಮನೆಯೊಳಗೆ ವಾರಗಟ್ಟಲೆ ಲ್ಯಾಪ್‌ಟಾಪ್ ಆನ್ ಇಡೋದು ಮಾತ್ರ ಬೇಡ.

ಇನ್ನು ಕರೆಂಟ್. ಊರಿಗೆ ಹೋಗುವಾಗ ಮೇನ್ ಸ್ವಿಚ್ ಇಳಿಸೋದು ನಮ್ಮ ಕಡೆ ಹಳೇ ರೂಢಿ, ಒಳ್ಳೇದೇ. ಆದರೆ ನೀವು ಅಷ್ಟು ಕಷ್ಟಪಟ್ಟು ಟೈಮರ್ ಇಟ್ಟು, ಬಾಗಿಲ ಹತ್ತಿರ ನಿಂತಾಗ ಕಾಕಾ ಬಂದು ಮೇನ್ ಇಳಿಸಿದರೆ ಎಲ್ಲಾ ಮುಗೀತು. ಮೇನ್ ಬೋರ್ಡಿನಲ್ಲಿ ಟಿವಿ ರೂಮಿನ ಎಂಸಿಬಿ ಸ್ವಿಚ್ ಯಾವುದು ಅಂತ ನೋಡಿ ಅದರ ಮೇಲೆ ಪಟ್ಟಿ ಅಂಟಿಸಿ "ಇಳಿಸಬೇಡಿ" ಅಂತ ಬರೆಯಿರಿ. ಟಿವಿ ಆಫ್ ಇರಲಿ, ಪ್ಲಗ್ ಕಿತ್ತಿಡಿ. ರೆಕಾರ್ಡ್‌ಗೆ ಬಾಕ್ಸ್ ಒಂದೇ ಸಾಕು. ಬಾಕ್ಸ್ ಶೋಕೇಸ್ ಒಳಗಿದ್ದರೆ ಹೊರಗೆ ತೆಗೆದು ಗಾಳಿಯಾಡುವ ಕಡೆ ಇಡಿ, ಮೇಲೆ ಬಟ್ಟೆ ಮುಚ್ಚಬೇಡಿ.

ಕರೆಂಟ್ ಹೋಗಿ ಬಂದರೆ? ಬಾಕ್ಸ್ ಪ್ಲಗ್ ತೆಗೆದು ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ತಾನೇ ಎದ್ದು ಟೈಮರ್ ನೆನಪಿಟ್ಟುಕೊಂಡಿದೆಯಾ? ಇದ್ದರೆ ಅರ್ಧ ಚಿಂತೆ ಹೋಯ್ತು. ಬಹಳ ಬಾಕ್ಸ್‌ಗಳು 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುತ್ತವೆ. ಹಾಗಿದ್ದರೆ ವೈಫೈ ರೂಟರ್‌ಗೆ ಹಾಕುವ ಸಣ್ಣ ಯುಪಿಎಸ್ ಸಾಕು, ಅಡಾಪ್ಟರ್ ಮೇಲೆ ಬರೆದ ಆಂಪಿಯರ್ ಮತ್ತು ಪಿನ್ ಎರಡೂ ಹೊಂದಬೇಕು. ಇಷ್ಟಾದರೂ ಒಂದು ಮಾತು ನಮ್ಮ ಕೈಯಲ್ಲಿಲ್ಲ. ಓಣಿಯ ಕಂಬದ ಮೇಲಿನ ಕೇಬಲ್ ಆಂಪ್ಲಿಫೈಯರ್‌ಗೆ ಕರೆಂಟ್ ಇಲ್ಲದಿದ್ದರೆ ನಮ್ಮ ಬಾಕ್ಸ್ ಆನ್ ಇದ್ದರೂ ಸಿಗ್ನಲ್ ಬರಲ್ಲ. ಹಾಗಾಗಿ ಬಹಳ ಬೇಕಾದ ಕಾರ್ಯಕ್ರಮಕ್ಕೆ ಮರುಪ್ರಸಾರದ ಹೊತ್ತೂ ಸೇರಿಸಿ ಎರಡು ಸಲ ಟೈಮರ್ ಇಡಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಬರುವ ಸೂಚನೆ ಇದ್ದರೆ ಬರೀ ಸೀರಿಯಲ್‌ಗಾಗಿ ವೈರುಗಳನ್ನು ಹಾಗೇ ಬಿಟ್ಟು ಹೋಗಬೇಡಿ. ಆ ವಾರ ಆ್ಯಪ್‌ನಲ್ಲೇ ನೋಡಿ, ಬಾಕ್ಸ್ ಪ್ಲಗ್ಗೂ ಕೇಬಲ್ಲೂ ಕಿತ್ತಿಡಿ.

ಹೊರಡುವ ಹಿಂದಿನ ದಿನ ಒಂದು ತಾಲೀಮು ಮಾಡಲೇಬೇಕು. ಎರಡು ಬೇರೆ ಚಾನೆಲ್‌ಗೆ ಹತ್ತತ್ತು ನಿಮಿಷದ ಟೈಮರ್ ಇಟ್ಟು, ಬಾಕ್ಸ್ ಸ್ಟ್ಯಾಂಡ್‌ಬೈಗೆ ಹಾಕಿ, ಟಿವಿ ಆಫ್ ಮಾಡಿ, ಹೊರಗೆ ಹೋಗಿ ಚಹಾ ಕುಡಿದು ಬನ್ನಿ. ಬಂದು ಎರಡೂ ರೆಕಾರ್ಡ್ ಆಗಿವೆಯಾ, ದನಿ ಇದೆಯಾ, ಮುಂದೆ ಓಡಿಸಿದರೆ ಓಡುತ್ತದೆಯಾ ನೋಡಿ. ಅದೇ ಹೊತ್ತಿಗೆ ಪ್ಯಾಕ್ ಯಾವತ್ತು ಮುಗಿಯುತ್ತದೆ ಅಂತಲೂ ನೋಡಿ. ನೀವು ಊರಲ್ಲಿಲ್ಲದಾಗ ಮುಗಿಯೋದಿದ್ದರೆ ಈಗಲೇ ಕಟ್ಟಿಬಿಡಿ. ಇಲ್ಲದಿದ್ದರೆ ಮುಂದಿನ ದಿನಗಳ ರೆಕಾರ್ಡಿಂಗ್ ಎಲ್ಲಾ ಖಾಲಿ. ತಾಲೀಮು ಆದ ಮೇಲೆ ಚಾನೆಲ್ ಸ್ಕ್ಯಾನ್ ಮಾಡೋಕೆ ಹೋಗಬೇಡಿ, ಕೆಲವು ಬಾಕ್ಸ್‌ಗಳಲ್ಲಿ ಟೈಮರ್ ಅಳಿಸಿ ಹೋಗುತ್ತದೆ. ಕೀಲಿ ಯಾರ ಹತ್ತಿರ ಕೊಡ್ತೀರೋ ಆ ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ, ಗಿಡಕ್ಕೆ ನೀರು ಹಾಕೋಕೆ ಬಂದಾಗ ಬಾಕ್ಸ್‌ನ ದೀಪ ನೋಡಿ ಫೋನ್ ಮಾಡ್ತಾರೆ.

ವಾಪಸ್ ಬಂದ ಮೇಲೆ ಪೆನ್‌ಡ್ರೈವ್ ಕೀಳುವ ಅವಸರ ಬೇಡ. ಕೇಬಲ್ ಮತ್ತು ಡಿಶ್ ಬಾಕ್ಸ್‌ಗಳ ರೆಕಾರ್ಡಿಂಗ್ ಬಹಳ ಸಲ ಲಾಕ್ ಆಗಿರುತ್ತದೆ, ಅದೇ ಬಾಕ್ಸ್‌ನಲ್ಲಿ ಮಾತ್ರ ನಡೆಯುತ್ತದೆ. ಅಂಥ ಬಾಕ್ಸ್ ಬದಲಿಸುವ ಮುಂಚೆ ಇದ್ದದ್ದನ್ನೆಲ್ಲ ನೋಡಿ ಮುಗಿಸಿ. ಫ್ರೀ ಡಿಶ್‌ನ ಲಾಕ್ ಇಲ್ಲದ ಬಾಕ್ಸ್‌ನದಾದರೆ ಫೈಲ್ ಕಂಪ್ಯೂಟರ್‌ಗೆ ಹಾಕಿ ವಿಎಲ್‌ಸಿ ಅನ್ನೋ ಫ್ರೀ ಪ್ಲೇಯರ್‌ನಲ್ಲಿ ನೋಡಬಹುದು, ಬೇಕಾದ್ದನ್ನು ಇಟ್ಟುಕೊಳ್ಳಬಹುದು. ಸ್ವಂತಕ್ಕೆ ಅಂತ ಮಾಡಿಕೊಂಡ ರೆಕಾರ್ಡಿಂಗ್ ಪ್ರಸಾರದ ಹಕ್ಕಿನ ಉಲ್ಲಂಘನೆ ಆಗಲ್ಲ ಅಂತ 1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಕಲಮು ಹೇಳುತ್ತದೆ. ಯೂಟ್ಯೂಬ್‌ಗೆ ಹಾಕೋದು, ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸೋದು ಅದರಲ್ಲಿ ಬರಲ್ಲ. ತೇರಿನ ವಿಡಿಯೋ ದೂರದ ನೆಂಟರಿಗೆ ಬೇಕಿದ್ದರೆ ಲೋಕಲ್ ಚಾನೆಲ್‌ನವರ ಆಫೀಸಿಗೆ ಹೋಗಿ ಕೇಳಿ, ಪೆನ್‌ಡ್ರೈವ್ ಜೊತೆಗೆ ತಗೊಂಡು ಹೋಗಿ.