ಹಾಲಿನ ಲೆಕ್ಕದ ಪುಸ್ತಕದಲ್ಲಿ ಲಿಂಫೋಸೈಟ್ ಲೆಕ್ಕ

ನಮ್ಮವರಿಗೆ ಅತ್ತೆಯವರ ಕಿಡ್ನಿ ಹಾಕಿ ಎರಡು ವರ್ಷ ಆಯಿತು. ದಿನಾ ಮೂರು ಬಗೆ ಮಾತ್ರೆ: ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ಮೂರೂ ರೋಗನಿರೋಧಕ ಶಕ್ತಿಯನ್ನು ಬೇಕಂತಲೇ ತಗ್ಗಿಸುತ್ತವೆ. ಕಡಿಮೆ ತಗ್ಗಿದರೆ ದೇಹ ಕಿಡ್ನಿ ಮೇಲೆ ಜಗಳಕ್ಕೆ ಹೋಗುತ್ತದೆ, ಜಾಸ್ತಿ ತಗ್ಗಿದರೆ ಸೋಂಕು ಬರುತ್ತದೆ. ಜ್ವರ ಬರುವ ಮೊದಲೇ ರಿಪೋರ್ಟಿನಲ್ಲಿ ಏನು ನೋಡಬೇಕು ಅಂತ ನಾನು ಕಲಿತದ್ದು ಇಷ್ಟು.

ಹನುಮಂತನಗರದ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಉದ್ದ ಪುಸ್ತಕ ಒಂದಿತ್ತು. ಅದನ್ನೇ ತಿರುಗಿಸಿ ಹಿಂದಿನಿಂದ ಗೀಟು ಹಾಕಿದೆ. ತಾರೀಖು, ಡಬ್ಲ್ಯುಬಿಸಿ (ಒಟ್ಟು ಬಿಳಿ ರಕ್ತಕಣ), ಲಿಂಫೋಸೈಟ್ (ವೈರಸ್ ಜೊತೆ ಹೋರಾಡುವ ಒಂದು ಬಗೆ ಬಿಳಿ ರಕ್ತಕಣ), ಟ್ಯಾಕ್ರೊ ಲೆವೆಲ್ (ರಕ್ತದಲ್ಲಿ ಟ್ಯಾಕ್ರೊಲಿಮಸ್ ಎಷ್ಟಿದೆ ಅಂತ), ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ). ಮೊಬೈಲ್ ಆ್ಯಪ್ ಎಲ್ಲ ನನಗೆ ಆಗಿಬರಲಿಲ್ಲ.

ಲಿಂಫೋಸೈಟ್ ಲೆಕ್ಕ ನೀವೇ ಮಾಡಿ. ಒಮ್ಮೆ ಇವರ ಡಬ್ಲ್ಯುಬಿಸಿ 6,800 ಬಂತು. ನಾರ್ಮಲ್, ಅಲ್ವಾ? ಕೆಳಗಿನ ಸಾಲು ನೋಡಿದರೆ ಲಿಂಫೋಸೈಟ್ ಬರೀ 9 ಪರ್ಸೆಂಟ್. ಗುಣಿಸಿದರೆ 612. ಪ್ರೆಡ್ನಿಸೊಲೋನ್ ಇನ್ನೊಂದು ಬಗೆ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಏರಿಸಿ ಒಟ್ಟು ಸಂಖ್ಯೆಯನ್ನು ಚೆನ್ನಾಗಿ ಕಾಣಿಸಿಬಿಡುತ್ತದೆ. ಲಿಂಫೋಸೈಟ್ ಸಂಖ್ಯೆ ಸಾವಿರದ ಕೆಳಗಿಳಿದು ಅಲ್ಲೇ ಕೂತರೆ ಡಾಕ್ಟರ ಮುಂದೆ ಆ ಪುಟ ತೆರೆದಿಡಿ. ಆಪರೇಷನ್ ಹೊತ್ತಿಗೆ ಲಿಂಫೋಸೈಟನ್ನೇ ಕೊಲ್ಲುವ ಎಟಿಜಿ ಇಂಜೆಕ್ಷನ್ ಕೊಟ್ಟಿದ್ದರೆ ಈ ಸಂಖ್ಯೆ ತಿಂಗಳುಗಟ್ಟಲೆ ಮೇಲೇಳುವುದಿಲ್ಲ, ಅದನ್ನೂ ಬರೆದಿಡಿ.

ಟ್ಯಾಕ್ರೊ ಲೆವೆಲ್‌ಗೆ ರಕ್ತ ಕೊಡುವುದು ಹಿಂದಿನ ಮಾತ್ರೆಯಾಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮೊದಲು. ಒಂದು ದಿನ ಲ್ಯಾಬ್ ಹುಡುಗ ಬರುವುದು ತಡವಾಯಿತು. ಇವರು ಕಾದು ಕಾದು ಮಾತ್ರೆ ನುಂಗಿಬಿಟ್ಟಿದ್ದರು, ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಲೆವೆಲ್ 18 ಬಂತು. ಡೋಸ್ ಇಳಿಸುವ ಮಾತು ಬಂದಾಗ ಪುಸ್ತಕದಲ್ಲಿ ಗಂಟೆ ನೋಡಿ ನನಗೆ ಹೊಳೆಯಿತು. ಮತ್ತೆ ಮಾಡಿಸಿದರೆ 7! ಇನ್ನೊಂದು ವಿಷಯ: ಈ ಲೆವೆಲ್ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಹೇಳುತ್ತದೆ, ಶಕ್ತಿ ಎಷ್ಟು ತಗ್ಗಿದೆ ಅಂತ ಅಲ್ಲ.

ಪದೇಪದೇ ಕೆಮ್ಮು, ಕಫ, ನ್ಯುಮೋನಿಯಾ ಬರುತ್ತಿದ್ದರೆ ಐಜಿಜಿ (ಸೋಂಕು ತಡೆಯುವ ಪ್ರತಿಕಾಯ) ಟೆಸ್ಟ್ ಮಾಡಿಸಬೇಕಾ ಅಂತ ಕೇಳಿ. ಡೆಸಿಲೀಟರಿಗೆ 400 ಮಿಲಿಗ್ರಾಂ ಕೆಳಗೆ ಹೋದರೆ ತುಂಬಾ ಕಡಿಮೆ. ಲಿಂಫೋಸೈಟ್‌ನಲ್ಲೇ ಒಂದು ಬಗೆಯಾದ ಸಿಡಿ4 ಎಣಿಕೆ 200ರ ಕೆಳಗಿದ್ದರೆ ನ್ಯುಮೋಸಿಸ್ಟಿಸ್ ಅನ್ನುವ ಶ್ವಾಸಕೋಶದ ಸೋಂಕಿನ ಭಯ. ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡುವುದು ಅದಕ್ಕೇ. ‘ಮಾತ್ರೆ ಜಾಸ್ತಿಯಾಯ್ತು’ ಅಂತ ಸುಮ್ನೆ ಬಿಡಬೇಡಿ. ಸಿಎಂವಿ ವೈರಸ್ ನಮ್ಮಲ್ಲಿ ಬಹುತೇಕ ದೊಡ್ಡವರ ಮೈಯಲ್ಲಿ ಮೊದಲೇ ಮಲಗಿರುತ್ತದೆ. ಅದು ಏಳದಂತೆ ತಡೆಯುವ ಮಾತ್ರೆ ವಾಲ್‌ಗ್ಯಾನ್ಸಿಕ್ಲೊವಿರ್ ನಿಲ್ಲಿಸಿದ ಮೇಲೆ ರಕ್ತದಲ್ಲಿ ವೈರಸ್ ಹುಡುಕುವ ಪಿಸಿಆರ್ ಟೆಸ್ಟ್ ಯಾವಾಗ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ನನಗೆ ಮಜಾ ಅನಿಸಿದ್ದು ಟಾರ್ಕ್ ಟೆನೊ ವೈರಸ್. 1997ರಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ, ಅದರಿಂದ ಯಾವ ಕಾಯಿಲೆಯೂ ಬಂದದ್ದು ಗೊತ್ತಿಲ್ಲ. ನಿರೋಧಕ ಶಕ್ತಿ ತಗ್ಗಿದಂತೆ ಇದು ಹೆಚ್ಚುತ್ತದೆ. ಇಲಿ ಎಣಿಸಿ ಬೆಕ್ಕು ಎಷ್ಟು ಸೋತಿದೆ ಅಂತ ತಿಳಿಯುವ ಲೆಕ್ಕ ಇದು. ಕಿಡ್ನಿ ಕಸಿಯಾದವರಲ್ಲಿ ನಡೆದ ಅಧ್ಯಯನಗಳ ಪ್ರಕಾರ ರಕ್ತದಲ್ಲಿ ಈ ವೈರಸ್ ತುಂಬಾ ಹೆಚ್ಚಾದರೆ ಸೋಂಕಿನ ಕಡೆ, ತುಂಬಾ ಕಡಿಮೆಯಾದರೆ ರಿಜೆಕ್ಷನ್ (ದೇಹ ಕಿಡ್ನಿಯನ್ನು ಒಪ್ಪದಿರುವುದು) ಕಡೆ ವಾಲುತ್ತದೆ. ಮಾಮೂಲಿ ಚೆಕಪ್ಪಿನಲ್ಲಿ ಈ ಟೆಸ್ಟ್ ನಮಗೆ ಯಾರೂ ಬರೆದುಕೊಟ್ಟಿಲ್ಲ.

ನೀವಾಗೇ ಡೋಸ್ ಮಾತ್ರ ಮುಟ್ಟಬೇಡಿ. ಥರ್ಮಾಮೀಟರ್ 100.4 ತೋರಿಸಿದರೆ ಯಾವ ಲೆಕ್ಕವೂ ಬೇಡ, ರಾತ್ರಿ ಎರಡಾಗಿದ್ದರೂ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರಿಗೆ ಫೋನ್ ಮಾಡಿ. ಪ್ರೆಡ್ನಿಸೊಲೋನ್ ಜ್ವರವನ್ನೂ ಮುಚ್ಚಿಡುತ್ತದೆ. ಹಾಗಾಗಿ ಮೈ ಬಿಸಿ ಇಲ್ಲದಿದ್ದರೂ ಇವರು ಬೆಳಗಿನ ಕಾಫಿ ಬೇಡ ಅಂದ ದಿನ ನಾನು ಫೋನ್ ಮಾಡುತ್ತೇನೆ.